ತಾಮ್ರದ ಅಸಿಟೇಟ್ 1.41 ತೋರಿಸಿದರೆ ತಪ್ಪು ತಕ್ಕಡಿಯದಲ್ಲ

ಪ್ರಶ್ನೆ: ನಾನು ಶಿರಸಿಯವಳು, ರಸಾಯನಶಾಸ್ತ್ರದ ಎಂ.ಎಸ್‌ಸಿ. ಕೊನೆಯ ಸೆಮಿಸ್ಟರಿನಲ್ಲಿದ್ದೇನೆ. ತೋಟಕ್ಕೆ ಮದ್ದು ಹೊಡೆಯಲು ಅಪ್ಪ ತಂದಿಟ್ಟಿದ್ದ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಎರಡು ಸಲ ಕರಗಿಸಿ ಮತ್ತೆ ಹರಳುಗಟ್ಟಿಸಿ, ಅದರಿಂದ ಕಾರ್ಬೊನೇಟ್ ಮಾಡಿಕೊಂಡು, ಅಸಿಟಿಕ್ ಆಮ್ಲದಲ್ಲಿ ಕರಗಿಸಿ ತಾಮ್ರದ ಅಸಿಟೇಟಿನ ಹರಳು ಪಡೆದೆ. ವಸ್ತುವನ್ನು ಕಾಂತ ಎಷ್ಟು ಸೆಳೆಯುತ್ತದೆಂದು ತೂಗಿ ನೋಡುವ ಗೂಯ್ ತಕ್ಕಡಿಯಲ್ಲಿ ಮೂರು ಸಲ ಅಳೆದರೂ ಅದರ ಕಾಂತಗುಣದ ಅಳತೆಯಾದ ಮ್ಯಾಗ್ನೆಟಿಕ್ ಮೊಮೆಂಟ್ 1.41 ಬೋರ್ ಮ್ಯಾಗ್ನೆಟಾನ್ (ಮೊಮೆಂಟಿನ ಮಾನ) ಮಾತ್ರ ಬರುತ್ತಿದೆ. ಒಂದು ಒಂಟಿ ಎಲೆಕ್ಟ್ರಾನ್ ಇರುವ ತಾಮ್ರಕ್ಕೆ 1.73 ಬರಬೇಕು, ಕಡಿಮೆ ಬಂದರೆ ವಸ್ತು ಅಶುದ್ಧ ಎಂದು ಸೀನಿಯರ್‌ಗಳು ಹೇಳುತ್ತಾರೆ. ಸೂತ್ರದಲ್ಲಿ ತಾಮ್ರಕ್ಕೆ ಎರಡು ಅಸಿಟೇಟ್, ಒಂದು ನೀರು ಇದೆ. ಹಾಗಾದರೆ ಆಕೃತಿ ಸಮತಲ ಚೌಕವೋ ಬೇರೆಯೋ ತಿಳಿಯುತ್ತಿಲ್ಲ. ಒಂದು ಪುಸ್ತಕದಲ್ಲಿ ಎರಡು ತಾಮ್ರಗಳ ನಡುವೆ ಬಂಧದ ಗೆರೆ ಎಳೆದಿದ್ದಾರೆ, ಇನ್ನೊಂದರಲ್ಲಿ ಇಲ್ಲ. ಹಸಿರು ಬಣ್ಣ ನೋಡಿದರೇ ಆಕೃತಿ ಗೊತ್ತಾಗುತ್ತದೆ ಎಂದೂ ಕೆಲವರು ಹೇಳುತ್ತಾರೆ. ವರದಿಯಲ್ಲಿ 1.73ರ ಹತ್ತಿರದ ಸಂಖ್ಯೆಯನ್ನೇ ಬರೆದುಬಿಡು ಎಂಬುದು ಗೆಳತಿಯರ ಸಲಹೆ. ಮುಂದಿನ ತಿಂಗಳು ವೈವಾ ಇದೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಆತಂಕ ಕಳೆಯುವ ಮಾತು. ನಿಮ್ಮ 1.41 ಸರಿಯಾದ ಸಂಖ್ಯೆ. ತಾಮ್ರದ ಅಸಿಟೇಟ್ ಮೊನೊಹೈಡ್ರೇಟನ್ನು, ಅಂದರೆ ಒಂದು ನೀರು ಸೇರಿದ ನಿಮ್ಮ ಹರಳನ್ನೇ, ಕೊಠಡಿಯ ಉಷ್ಣತೆಯಲ್ಲಿ ಎಚ್ಚರಿಕೆಯಿಂದ ಅಳೆದವರಿಗೆಲ್ಲ ಪ್ರತಿ ತಾಮ್ರಕ್ಕೆ ಸುಮಾರು 1.4 ಬೋರ್ ಮ್ಯಾಗ್ನೆಟಾನೇ ಬಂದಿದೆ. ಅದನ್ನು ತಿದ್ದಿ 1.73 ಮಾಡಿದರೆ ನಿಮ್ಮ ಪ್ರಾಜೆಕ್ಟಿನಲ್ಲಿ ಇರುವ ಒಂದೇ ಒಂದು ಕುತೂಹಲದ ವಿಷಯವನ್ನು ನೀವೇ ಅಳಿಸಿಹಾಕಿದಂತಾಗುತ್ತದೆ, ಮತ್ತು ವಿಷಯ ಬಲ್ಲ ಪರೀಕ್ಷಕರು ಎದುರಿಗೆ ಕುಳಿತರೆ ಆ ತಿದ್ದುಪಡಿ ಅಲ್ಲೇ ಸಿಕ್ಕಿಬೀಳುತ್ತದೆ.

ಈ ಮಾತನ್ನು ಸ್ವಲ್ಪ ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಕಾರವಾರದ ಕಡೆ ನಾನು ಪಾಠ ಹೇಳಲು ಆರಂಭಿಸಿದ ಮೊದಲ ವರ್ಷಗಳಲ್ಲಿ ವಿದ್ಯಾರ್ಥಿಯೊಬ್ಬನ ರೆಕಾರ್ಡ್ ಪುಸ್ತಕದಲ್ಲಿ ಇದೇ ವಸ್ತುವಿನ ಎದುರು 1.39 ಎಂಬ ಸಂಖ್ಯೆ ಕಂಡು, ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಮತ್ತೆ ಅಳೆದು ತರಲು ಹೇಳಿದ್ದೆ. ಮರುದಿನ ಅವನು 1.72 ಬರೆದು ತಂದ, ನಾನು ಸಹಿ ಹಾಕಿದೆ. ಅವನು ಎರಡನೆಯ ಸಲ ಅಳೆದೇ ಇರಲಿಲ್ಲ ಎಂಬುದು ನನಗೆ ಹೊಳೆಯಲು ಎರಡು ವರ್ಷ ಬೇಕಾಯಿತು.

ಅಶುದ್ಧತೆಯ ವಾದವನ್ನು ಮೊದಲು ಲೆಕ್ಕ ಹಾಕಿ ನೋಡೋಣ, ಏಕೆಂದರೆ ಅದು ಕೇಳಲು ಸಹಜವಾಗಿ ಕಾಣುತ್ತದೆ. ಸಾಮಾನ್ಯ ತಾಮ್ರ(2), ಅಂದರೆ ಎರಡು ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರದ, ಸಂಯುಕ್ತಗಳ ಮೊಮೆಂಟ್ ವಾಸ್ತವದಲ್ಲಿ 1.73 ಅಲ್ಲ, ಎಲೆಕ್ಟ್ರಾನಿನ ಕಕ್ಷೆಯ ಚಲನೆಯ ಪಾಲೂ ಸ್ವಲ್ಪ ಸೇರುವುದರಿಂದ ಅದು 1.8ರಿಂದ 2.0ರ ನಡುವೆ ಇರುತ್ತದೆ, 1.9 ಎಂದು ಇಟ್ಟುಕೊಳ್ಳಿ. ತಕ್ಕಡಿ ನೇರವಾಗಿ ಅಳೆಯುವುದು ಮೊಮೆಂಟನ್ನಲ್ಲ, ಅದರ ವರ್ಗಕ್ಕೆ ಅನುಪಾತದಲ್ಲಿರುವ ಸಸೆಪ್ಟಿಬಿಲಿಟಿಯನ್ನು, ಅಂದರೆ ವಸ್ತು ಕಾಂತಕ್ಕೆ ಎಷ್ಟು ಒಲಿಯುತ್ತದೆ ಎಂಬುದನ್ನು. 1.4ನ್ನು 1.9ರಿಂದ ಭಾಗಿಸಿ ವರ್ಗ ಮಾಡಿದರೆ 0.54 ಬರುತ್ತದೆ. ಅಂದರೆ ಕಾಂತಕ್ಕೆ ಒಲಿಯದ ಕಲ್ಮಶದಿಂದಲೇ ಈ ಇಳಿತವಾಗಿದೆ ಎನ್ನುವುದಾದರೆ, ನಿಮ್ಮ ಕೊಳವೆಯಲ್ಲಿ ತುಂಬಿದ ಪುಡಿಯ ಹೆಚ್ಚುಕಡಿಮೆ ಅರ್ಧ ಭಾಗ ಸೋಡಿಯಂ ಸಲ್ಫೇಟಿನಂಥ ಬಿಳಿ ಲವಣವೇ ಆಗಿರಬೇಕು. ಅಷ್ಟಿದ್ದರೆ ಅದು ಬರಿಗಣ್ಣಿಗೇ ಕಾಣುತ್ತಿತ್ತು. ಇನ್ನು ಉಳಿದುಹೋದ ಮೈಲುತುತ್ತವಾಗಲಿ, ಕೃಷಿ ದರ್ಜೆಯ ಮೈಲುತುತ್ತದಲ್ಲಿ ಇರಬಹುದಾದ ಕಬ್ಬಿಣವಾಗಲಿ ಮೊಮೆಂಟನ್ನು ಏರಿಸುತ್ತವೆಯೇ ಹೊರತು ಇಳಿಸುವುದಿಲ್ಲ. ಐದು ಒಂಟಿ ಎಲೆಕ್ಟ್ರಾನುಗಳ ಕಬ್ಬಿಣ(3)ರ ಮೊಮೆಂಟ್ 5.9ರಷ್ಟಿರುತ್ತದೆ ಎಂಬುದನ್ನು ನೆನೆದರೆ ಸಾಕು. ಹೀಗಾಗಿ ಕಲ್ಮಶವಿದ್ದರೆ ನಿಮ್ಮ ಸಂಖ್ಯೆ 1.4ಕ್ಕಿಂತ ಮೇಲೆ ಹೋಗುವ ಸಾಧ್ಯತೆಯೇ ಹೆಚ್ಚು.

ಹಾಗಾದರೆ ಆ ಕಾಂತಶಕ್ತಿಯ ಅರ್ಧದಷ್ಟು ಎಲ್ಲಿ ಹೋಯಿತು? ಇದಕ್ಕೆ ಉತ್ತರ ನಿಮ್ಮ ಎರಡನೆಯ ಪ್ರಶ್ನೆಯಲ್ಲಿ, ಅಂದರೆ ಆಕೃತಿಯ ಪ್ರಶ್ನೆಯಲ್ಲಿ ಅಡಗಿದೆ. ಸಂಕ್ರಮಣ ಲೋಹಗಳ ಸಂಕೀರ್ಣಗಳನ್ನು ಓದುವಾಗ ಬಹಳ ಮಂದಿ ಎಡವುವುದು ಇಲ್ಲಿಯೇ: ಸೂತ್ರದಲ್ಲಿ ಕಾಣುವ ಲಿಗ್ಯಾಂಡುಗಳನ್ನು (ಲೋಹಕ್ಕೆ ಕಟ್ಟಿಕೊಂಡ ಅಣು ಅಥವಾ ಅಯಾನುಗಳನ್ನು) ಎಣಿಸಿ, ಅದೇ ಲೋಹದ ಸಮನ್ವಯ ಸಂಖ್ಯೆ (ಲೋಹವನ್ನು ನೇರವಾಗಿ ಹಿಡಿದಿರುವ ಪರಮಾಣುಗಳ ಸಂಖ್ಯೆ) ಎಂದುಕೊಂಡು, ಅದರಿಂದ ಆಕೃತಿಗೆ ಜಿಗಿಯುತ್ತಾರೆ. ಲಿಗ್ಯಾಂಡು ಒಂದೇ ಲೋಹಕ್ಕೆ ಕಟ್ಟಿಕೊಂಡಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ನಿಮ್ಮ ಊರಿನ ಕಡೆ ಹಳ್ಳಕ್ಕೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ, ಹಾಕುತ್ತಾರಲ್ಲ, ಅದನ್ನೇ ತೆಗೆದುಕೊಳ್ಳಿ. ಈಚೆ ದಡದ ಮನೆಯವರು ತಮಗೊಂದು ಸಂಕವಿದೆ ಎನ್ನುತ್ತಾರೆ, ಆಚೆ ದಡದವರೂ ತಮಗೊಂದು ಸಂಕವಿದೆ ಎನ್ನುತ್ತಾರೆ, ಇಬ್ಬರ ಮಾತೂ ನಿಜ. ಆದರೆ ಊರಿನ ಸಂಕಗಳನ್ನು ಎಣಿಸಲು ಬಂದವನ ಪಟ್ಟಿಯಲ್ಲಿ ಅದು ಒಂದೇ. ರಾಸಾಯನಿಕ ಸೂತ್ರವೆಂಬುದು ಆ ಎಣಿಸುವವನ ಪಟ್ಟಿ, ಸಮನ್ವಯ ಸಂಖ್ಯೆ ಎಂಬುದು ಮನೆಯವರ ಮಾತು. ಎರಡು ಲೋಹಗಳಿಗೆ ಒಟ್ಟಿಗೇ ಕೈಚಾಚಿದ ಇಂಥ ಲಿಗ್ಯಾಂಡನ್ನು ಸೇತು ಲಿಗ್ಯಾಂಡ್ ಎನ್ನುತ್ತಾರೆ, ಹೆಸರು ಬರೆಯುವಾಗ ಅದರ ಮುಂದೆ ಗ್ರೀಕಿನ ಮ್ಯೂ ಅಕ್ಷರವನ್ನು ಇಡುತ್ತಾರೆ.

ಈ ಎರಡು ಲೆಕ್ಕಗಳು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಪೆಲೇಡಿಯಂ ಕ್ಲೋರೈಡ್ ಒಳ್ಳೆಯ ಉದಾಹರಣೆ. ಸೂತ್ರದಲ್ಲಿ ಪೆಲೇಡಿಯಂ ಒಂದಕ್ಕೆ ಕ್ಲೋರೈಡ್ ಎರಡೇ. ಆದರೆ ಅದರ ಸರಪಳಿಯಂಥ ಹರಳುರೂಪದಲ್ಲಿ ಪ್ರತಿ ಕ್ಲೋರೈಡೂ ಎರಡು ಪೆಲೇಡಿಯಂಗಳ ನಡುವೆ ಸಂಕವಾಗಿ ನಿಂತಿರುವುದರಿಂದ ಪ್ರತಿ ಪೆಲೇಡಿಯಂ ಸುತ್ತ ನಾಲ್ಕು ಕ್ಲೋರೈಡುಗಳ ಅಚ್ಚುಕಟ್ಟಾದ ಸಮತಲ ಚೌಕವಿದೆ. ನಿಕ್ಕಲ್ ಅಸಿಟೈಲಸಿಟೋನೇಟಿನ ಕಥೆ ಇನ್ನೂ ಸ್ವಾರಸ್ಯದ್ದು. ಎರಡೆರಡು ಆಮ್ಲಜನಕದ ಎರಡು ಲಿಗ್ಯಾಂಡುಗಳು, ಆದ್ದರಿಂದ ಸಮನ್ವಯ ಸಂಖ್ಯೆ ನಾಲ್ಕು, ನಿಕ್ಕಲ್ ಸಮತಲ ಚೌಕದಲ್ಲಿರಬೇಕು, ಒಂಟಿ ಎಲೆಕ್ಟ್ರಾನೇ ಇರಬಾರದು ಎಂದು ಯಾರಾದರೂ ಊಹಿಸುತ್ತಾರೆ. ನಿರ್ಜಲ ವಸ್ತು ಕೈಗೆ ಬಂದಾಗ ಹಸಿರಾಗಿರುತ್ತದೆ, ಕಾಂತಕ್ಕೆ ಒಲಿಯುತ್ತದೆ. ಏಕೆಂದರೆ ಮೂರು ನಿಕ್ಕಲ್‌ಗಳು ಸಾಲಾಗಿ ಕೂಡಿಕೊಂಡು, ಕೆಲವು ಆಮ್ಲಜನಕಗಳನ್ನು ಪರಸ್ಪರ ಹಂಚಿಕೊಂಡು, ಪ್ರತಿಯೊಂದೂ ಆರು ಆಮ್ಲಜನಕಗಳ ಅಷ್ಟಮುಖಿಯನ್ನು ಪೂರ್ತಿಮಾಡಿಕೊಂಡಿರುತ್ತವೆ. ಅದೇ ಲಿಗ್ಯಾಂಡಿನ ತುದಿಗಳಿಗೆ ದೊಡ್ಡ ಗಾತ್ರದ ಟರ್ಷರಿ ಬ್ಯೂಟೈಲ್ ಗುಂಪುಗಳನ್ನು ಕಟ್ಟಿದರೆ ನಿಕ್ಕಲ್‌ಗಳು ಹತ್ತಿರ ಬರಲಾರವು. ಆಗ ಮಾತ್ರ ಪುಸ್ತಕದ ಊಹೆಯಂತೆ ಕೆಂಪು ಬಣ್ಣದ, ಕಾಂತಕ್ಕೆ ಒಲಿಯದ ಸಮತಲ ಚೌಕದ ಅಣು ಸಿಗುತ್ತದೆ. ಲೋಹ ಅದೇ, ಲಿಗ್ಯಾಂಡಿನ ಕೊಕ್ಕೆಯೂ ಅದೇ. ಸಂಕ ಕಟ್ಟಲು ಜಾಗವಿದೆಯೇ ಇಲ್ಲವೇ ಎಂಬುದಷ್ಟೇ ಆಕೃತಿಯನ್ನು ನಿರ್ಣಯಿಸಿತು.

ಈಗ ನಿಮ್ಮ ವಸ್ತುವಿಗೆ ಬರೋಣ. ತಾಮ್ರದ ಅಸಿಟೇಟಿನಲ್ಲಿ ತಾಮ್ರಗಳು ಒಂಟಿಯಾಗಿಲ್ಲ, ಜೋಡಿಯಾಗಿವೆ. ಒಂದು ಜೋಡಿಗೆ ನಾಲ್ಕು ಅಸಿಟೇಟುಗಳು; ಪ್ರತಿ ಅಸಿಟೇಟೂ ತನ್ನ ಒಂದು ಆಮ್ಲಜನಕವನ್ನು ಮೇಲಿನ ತಾಮ್ರಕ್ಕೂ ಇನ್ನೊಂದನ್ನು ಕೆಳಗಿನ ತಾಮ್ರಕ್ಕೂ ಕೊಟ್ಟು, ನಾಲ್ಕೂ ದಿಕ್ಕಿನಲ್ಲಿ ನೀರುಚಕ್ರದ ಹಲಗೆಗಳಂತೆ ನಿಂತಿರುತ್ತವೆ. ಜೋಡಿಯ ಎರಡು ತುದಿಗಳಲ್ಲಿ ಒಂದೊಂದು ನೀರಿನ ಅಣು. ಹೀಗೆ ಪ್ರತಿ ತಾಮ್ರಕ್ಕೆ ತಳದಲ್ಲಿ ಸುಮಾರು 1.97 ಆಂಗ್‌ಸ್ಟ್ರಾಂ ದೂರದ (ಒಂದು ಆಂಗ್‌ಸ್ಟ್ರಾಂ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು) ನಾಲ್ಕು ಆಮ್ಲಜನಕ, ನೆತ್ತಿಯಲ್ಲಿ ಸುಮಾರು 2.16 ಆಂಗ್‌ಸ್ಟ್ರಾಂ ದೂರದ ನೀರು, ಬೆನ್ನಿಗೆ ಸುಮಾರು 2.62 ಆಂಗ್‌ಸ್ಟ್ರಾಂ ದೂರದಲ್ಲಿ ಇನ್ನೊಂದು ತಾಮ್ರ. ತಾಮ್ರವು ತಳದ ಚೌಕದ ಸಮತಲದಲ್ಲಿ ಸರಿಯಾಗಿ ಕೂತಿಲ್ಲ, ನೀರಿನ ಕಡೆಗೆ ಸುಮಾರು 0.2 ಆಂಗ್‌ಸ್ಟ್ರಾಂ ಜರುಗಿದೆ. ಆದ್ದರಿಂದ ಆಕೃತಿಯನ್ನು ಚೌಕ ಪಿರಮಿಡ್ ಎಂದು ಬರೆಯಿರಿ. ಬೆನ್ನಿನ ತಾಮ್ರವನ್ನೂ ಎಣಿಸಿ ವಿಕೃತ ಅಷ್ಟಮುಖಿ ಎನ್ನುವ ಲೇಖಕರಿದ್ದಾರೆ. ಅದು ತಪ್ಪಲ್ಲ, ಆದರೆ ಆ ಆರನೆಯ ನೆರೆಯನ್ನು ಲಿಗ್ಯಾಂಡೆಂದು ಒಪ್ಪಿದಂತಾಗುತ್ತದೆ, ಆ ಹೊಣೆಯನ್ನು ನೀವೇಕೆ ಹೊರಬೇಕು? ಸಮತಲ ಚೌಕ ಎನ್ನುವುದು ಮಾತ್ರ ನಿಶ್ಚಿತವಾಗಿ ತಪ್ಪು.

ಈ ಜೋಡಿಯನ್ನು ಮೊದಲು ಕಂಡದ್ದು ಎಕ್ಸ್-ಕಿರಣವಲ್ಲ, ನಿಮ್ಮ ತಕ್ಕಡಿಯಂಥ ಕಾಂತದ ಅಳತೆಯೇ ಎಂಬುದನ್ನು ವೈವಾದಲ್ಲಿ ಹೇಳಲು ಮರೆಯಬೇಡಿ. 1951ರಲ್ಲಿ ಬಿ. ಸಿ. ಗುಹಾ ಅವರು ತಾಮ್ರದ ಅಸಿಟೇಟಿನ ಹರಳುಗಳನ್ನು ತಂಪು ಮಾಡುತ್ತ ಅಳೆದ ಫಲಿತಾಂಶಗಳನ್ನು ಪ್ರಕಟಿಸಿದರು. ಸಾಮಾನ್ಯ ತಾಮ್ರದ ಲವಣವನ್ನು ತಂಪು ಮಾಡಿದಂತೆ ಸಸೆಪ್ಟಿಬಿಲಿಟಿ ಏರುತ್ತಲೇ ಹೋಗಬೇಕು. ಇದರಲ್ಲಿ ಅದು ಕೊಠಡಿಯ ಉಷ್ಣತೆಗಿಂತ ಸ್ವಲ್ಪ ಕೆಳಗೆ ಗರಿಷ್ಠ ಮುಟ್ಟಿ, ಆಮೇಲೆ ಕುಸಿದು ಸೊನ್ನೆಯ ಹತ್ತಿರ ಹೋಯಿತು. ಮರುವರ್ಷ ಬ್ಲೀನಿ ಮತ್ತು ಬವರ್ಸ್ ಇದೇ ಹರಳಿನ ಎಲೆಕ್ಟ್ರಾನ್ ಸ್ಪಿನ್ ಅನುರಣನವನ್ನು (ಒಂಟಿ ಎಲೆಕ್ಟ್ರಾನುಗಳನ್ನು ಗುರುತಿಸುವ ರೋಹಿತವನ್ನು) ವಿವರಿಸುತ್ತ, ಒಂಟಿ ಎಲೆಕ್ಟ್ರಾನಿನ ತಾಮ್ರಕ್ಕೆ ಬದಲಾಗಿ ಎರಡು ಒಂಟಿ ಎಲೆಕ್ಟ್ರಾನುಗಳ ಅಯಾನಿನಂಥ ರೋಹಿತ ಬರುತ್ತಿದೆ, ಆದ್ದರಿಂದ ತಾಮ್ರಗಳು ಎರಡೆರಡಾಗಿ ಜೋಡಿಗೊಂಡಿರಬೇಕು ಎಂದರು. 1953ರಲ್ಲಿ ವಾನ್ ನೀಕರ್ಕ್ ಮತ್ತು ಶೋನಿಂಗ್ ಎಕ್ಸ್-ಕಿರಣದಿಂದ ಹರಳಿನ ರಚನೆ ಬಿಡಿಸಿದಾಗ ಜೋಡಿ ಕಣ್ಣಿಗೇ ಬಿತ್ತು.

ಆ ಜೋಡಿಯೊಳಗೆ ನಡೆಯುವುದೇನೆಂದರೆ, ಒಂದು ತಾಮ್ರದ ಒಂಟಿ ಎಲೆಕ್ಟ್ರಾನಿನ ಸ್ಪಿನ್ (ಅದನ್ನು ಪುಟ್ಟ ಕಾಂತವಾಗಿಸುವ ಗುಣ) ಮೇಲ್ಮುಖವಾಗಿದ್ದರೆ ಇನ್ನೊಂದರದು ಕೆಳಮುಖವಾಗಿರಲು ಬಯಸುತ್ತದೆ. ಎರಡೂ ಎದುರುಬದುರಾದಾಗ ಜೋಡಿಗೆ ಕಾಂತಗುಣವೇ ಇರುವುದಿಲ್ಲ. ಒಂದೇ ದಿಕ್ಕಿಗೆ ತಿರುಗಿದಾಗ ಇರುತ್ತದೆ. ಈ ಎರಡು ಸ್ಥಿತಿಗಳ ನಡುವಿನ ಶಕ್ತಿಯ ಅಂತರ ತರಂಗಸಂಖ್ಯೆಯ ಲೆಕ್ಕದಲ್ಲಿ ಪ್ರತಿ ಸೆಂಟಿಮೀಟರಿಗೆ ಸುಮಾರು 286. ಕೊಠಡಿಯ ಉಷ್ಣತೆಯಲ್ಲಿ ಲಭ್ಯವಿರುವ ಉಷ್ಣಶಕ್ತಿ ಅದೇ ಲೆಕ್ಕದಲ್ಲಿ ಸುಮಾರು 208. ಅಂತರ ದೊಡ್ಡದೇ, ಆದರೆ ಹತ್ತಲಾಗದಷ್ಟು ದೊಡ್ಡದಲ್ಲ. ಬ್ಲೀನಿ-ಬವರ್ಸ್ ಸಮೀಕರಣದಲ್ಲಿ ಈ ಸಂಖ್ಯೆಗಳನ್ನು ಹಾಕಿದರೆ 300 ಕೆಲ್ವಿನ್‌ನಲ್ಲಿ ನೂರು ಜೋಡಿಗಳಲ್ಲಿ 43 ಮಾತ್ರ ಕಾಂತಗುಣದ ಸ್ಥಿತಿಯಲ್ಲಿರುತ್ತವೆ ಎಂದು ಬರುತ್ತದೆ; ಯಾವ ಜೋಡಣೆಯೂ ಇಲ್ಲದಿದ್ದರೆ 75 ಇರಬೇಕಿತ್ತು. ಜಿ-ಮೌಲ್ಯವನ್ನು (ಸ್ಪಿನ್ನಿಗೂ ಮೊಮೆಂಟಿಗೂ ಇರುವ ಅನುಪಾತವನ್ನು) 2.16 ಎಂದು ಹಿಡಿದು ಮೊಮೆಂಟ್ ಲೆಕ್ಕಹಾಕಿದರೆ ಪ್ರತಿ ತಾಮ್ರಕ್ಕೆ 1.42 ಸಿಗುತ್ತದೆ. ನಿಮ್ಮದು 1.41. ಈ ಲೆಕ್ಕವನ್ನು ನಿಮ್ಮ ಕೈಯಲ್ಲೇ ಮಾಡಿ ವರದಿಯಲ್ಲಿ ಸೇರಿಸಿ, ಒಂದು ಪುಟವೂ ಆಗುವುದಿಲ್ಲ.

ಇನ್ನು ಪುಸ್ತಕಗಳ ಗೆರೆಯ ಜಗಳ. ಲೋಹರೂಪದ ತಾಮ್ರದಲ್ಲಿ ನೆರೆಹೊರೆಯ ಪರಮಾಣುಗಳ ನಡುವಿನ ದೂರ 2.56 ಆಂಗ್‌ಸ್ಟ್ರಾಂ, ಅಸಿಟೇಟಿನ 2.62 ಅದಕ್ಕೆ ಬಹಳ ಹತ್ತಿರವಿರುವುದರಿಂದ ಎರಡು ಒಂಟಿ ಎಲೆಕ್ಟ್ರಾನುಗಳು ನೇರವಾಗಿ ಕೂಡಿ ಬಂಧವಾಗಿವೆ ಎಂದು ಒಂದು ಕಾಲದಲ್ಲಿ ಬಲವಾಗಿ ವಾದಿಸಿದವರಿದ್ದರು, ಹಳೆಯ ಪುಸ್ತಕಗಳ ಗೆರೆ ಆ ವಾದದ ಉಳಿಕೆ. ಆದರೆ ಬಂಧವೇ ಕಾರಣವಾಗಿದ್ದರೆ ತಾಮ್ರಗಳು ಹತ್ತಿರ ಬಂದಷ್ಟೂ ಸ್ಪಿನ್‌ಗಳ ಜೋಡಣೆ ಬಲವಾಗಬೇಕು. ಅಸಿಟೇಟಿನ ಜಾಗದಲ್ಲಿ ಫಾರ್ಮೇಟ್ ಇಟ್ಟ ಇದೇ ಮಾದರಿಯ ಜೋಡಿಗಳಲ್ಲಿ ತಾಮ್ರಗಳು ಹತ್ತಿರವೇನೂ ಬರುವುದಿಲ್ಲ, ಆದರೂ ಜೋಡಣೆ ಅಸಿಟೇಟಿಗಿಂತ ಬಹಳ ಬಲವಾಗಿದೆ. ಸ್ಪಿನ್‌ಗಳ ಮಾತುಕತೆ ನಡೆಯುತ್ತಿರುವುದು ನೇರ ದಾರಿಯಲ್ಲಲ್ಲ, ಆಮ್ಲಜನಕ-ಇಂಗಾಲ-ಆಮ್ಲಜನಕ ಎಂಬ ಸಂಕದ ಮೇಲೆ. ಇದಕ್ಕೆ ಸೂಪರ್ ಎಕ್ಸ್‌ಚೇಂಜ್ ಎನ್ನುತ್ತಾರೆ. ನಿಜವಾದ ಲೋಹ-ಲೋಹ ಬಂಧ ಹೇಗಿರುತ್ತದೆ ಎಂದು ನೋಡಬೇಕಿದ್ದರೆ ಇದೇ ನೀರುಚಕ್ರದ ಆಕೃತಿಯ ಕ್ರೋಮಿಯಂ(2) ಅಸಿಟೇಟನ್ನು ನೋಡಿ: ಕೆಂಪು ಬಣ್ಣ, ಎರಡು ಕ್ರೋಮಿಯಂಗಳ ನಡುವೆ ಸುಮಾರು 2.36 ಆಂಗ್‌ಸ್ಟ್ರಾಂ ಅಷ್ಟೇ, ನಾಲ್ಕು ಪದರಗಳ ಬಂಧ, ಒಂಟಿ ಎಲೆಕ್ಟ್ರಾನಿನ ಸುಳಿವೂ ಇಲ್ಲ. ಚೌಕಟ್ಟು ಒಂದೇ ಆದರೂ ಒಳಗೆ ನಡೆಯುವುದು ಬೇರೆ. ಆದ್ದರಿಂದ ನಿಮ್ಮ ಚಿತ್ರದಲ್ಲಿ ತಾಮ್ರಗಳ ನಡುವೆ ಗೆರೆ ಎಳೆಯಬೇಡಿ. ದೂರ ತೋರಿಸಬೇಕೆನಿಸಿದರೆ ಚುಕ್ಕಿಗೆರೆ ಹಾಕಿ, ಅದು ಬಂಧವಲ್ಲವೆಂದು ಕೆಳಗೆ ಬರೆಯಿರಿ.

ಇಲ್ಲಿಯವರೆಗೆ ಓದಿದವರಿಗೆ ಸಂಕವಿದ್ದಲ್ಲೆಲ್ಲ ಮೊಮೆಂಟ್ ಇಳಿಯುತ್ತದೆ ಎನಿಸಬಹುದು. ನಿಮ್ಮ ತಂದೆಯವರ ಗೋಣಿಯಲ್ಲಿರುವ ಮೈಲುತುತ್ತವೇ ಅದಕ್ಕೆ ಅಪವಾದ. ಬೀವರ್ಸ್ ಮತ್ತು ಲಿಪ್ಸನ್ 1934ರಲ್ಲಿ ಬಿಡಿಸಿದ ಅದರ ರಚನೆಯಲ್ಲಿ ಪ್ರತಿ ತಾಮ್ರದ ಸುತ್ತ ಸುಮಾರು 1.97 ಆಂಗ್‌ಸ್ಟ್ರಾಂ ದೂರದಲ್ಲಿ ನಾಲ್ಕು ನೀರಿನ ಅಣುಗಳು ಚೌಕವಾಗಿ ಕೂತಿವೆ, ಮೇಲೆ ಕೆಳಗೆ ಸುಮಾರು 2.4 ಆಂಗ್‌ಸ್ಟ್ರಾಂ ದೂರದಲ್ಲಿ ಸಲ್ಫೇಟಿನ ಆಮ್ಲಜನಕಗಳಿವೆ. ಐದನೆಯ ನೀರು ತಾಮ್ರವನ್ನು ಮುಟ್ಟುವುದೇ ಇಲ್ಲ, ಜಲಜನಕ ಬಂಧಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಅಂದರೆ ಸೂತ್ರದಲ್ಲಿ ಐದು ನೀರು ಕಂಡರೂ ತಾಮ್ರಕ್ಕೆ ಸೇರಿದ್ದು ನಾಲ್ಕು, ಮತ್ತು ಸಲ್ಫೇಟು ಒಂದು ತಾಮ್ರದಿಂದ ಇನ್ನೊಂದಕ್ಕೆ ಸಂಕವಾಗಿ ನಿಂತು ಸರಪಳಿ ಕಟ್ಟುತ್ತದೆ. ಸಂಕವಿದ್ದರೂ ಕೊಠಡಿಯ ಉಷ್ಣತೆಯಲ್ಲಿ ಅದರ ಮೊಮೆಂಟ್ ಎಲ್ಲರಂತೆ 1.9ರ ಆಸುಪಾಸಿನಲ್ಲೇ ಇರುತ್ತದೆ. ತಾಮ್ರ(2)ರ ಒಂಟಿ ಎಲೆಕ್ಟ್ರಾನ್ ವಾಸವಾಗಿರುವುದು ಚೌಕದ ನಾಲ್ಕು ಮೂಲೆಗಳತ್ತ ಚಾಚಿದ ಕಕ್ಷಕದಲ್ಲಿ. ಸಲ್ಫೇಟು ತಾಗಿರುವುದು ಎಲೆಕ್ಟ್ರಾನ್ ಇಲ್ಲದ ದಿಕ್ಕಿನಲ್ಲಿ, ಅದೂ ಉದ್ದವಾದ, ದುರ್ಬಲವಾದ ಬಂಧದಲ್ಲಿ. ಸಂಕವೇನೋ ಇದೆ, ಆದರೆ ಅದು ಮನೆಯ ಹಿತ್ತಿಲಿಗೆ ಬಂದು ಸೇರಿದೆ, ಮನೆಯವರು ಓಡಾಡುವುದು ಮುಂಬಾಗಿಲಲ್ಲಿ. ಅಸಿಟೇಟು ನಾಲ್ಕೂ ಮುಂಬಾಗಿಲುಗಳಿಗೆ ತಾಗಿದೆ. ನಿಮ್ಮ ವರದಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಬೇಡ: ಅದೇ ಮೈಲುತುತ್ತವನ್ನು ಅದೇ ಕೊಳವೆಯಲ್ಲಿ ತುಂಬಿ ಅಳೆಯಿರಿ. ಅದು 1.9 ತೋರಿಸಿ, ಅಸಿಟೇಟು 1.4 ತೋರಿಸಿದರೆ ತಕ್ಕಡಿಯ ಮೇಲಿನ ಅನುಮಾನಕ್ಕೆ ಜಾಗವೇ ಉಳಿಯುವುದಿಲ್ಲ.

ಸಂಕ ಸರಿಯಾದ ಬಾಗಿಲಿಗೇ ತಾಗಿದ್ದರೂ ಅದರ ಕೋನ ಮುಖ್ಯವಾಗುತ್ತದೆ. ಎರಡು ಹೈಡ್ರಾಕ್ಸೈಡುಗಳು ಎರಡು ತಾಮ್ರಗಳನ್ನು ಜೋಡಿಸಿರುವ ಸಂಕೀರ್ಣಗಳನ್ನು ಸಾಲಾಗಿಟ್ಟು ಹ್ಯಾಟ್‌ಫೀಲ್ಡ್ ಮತ್ತು ಹಾಡ್ಜ್‌ಸನ್ 1970ರ ದಶಕದಲ್ಲಿ ತೋರಿಸಿದ ಸಂಬಂಧ ಇಂದಿಗೂ ಪಾಠಗಳಲ್ಲಿದೆ: ತಾಮ್ರ-ಆಮ್ಲಜನಕ-ತಾಮ್ರ ಕೋನ ಸುಮಾರು 97.5 ಡಿಗ್ರಿಗಿಂತ ಹೆಚ್ಚಿದ್ದರೆ ಸ್ಪಿನ್‌ಗಳು ಎದುರುಬದುರಾಗುತ್ತವೆ, ಕಡಿಮೆಯಿದ್ದರೆ ಒಂದೇ ದಿಕ್ಕಿಗೆ ನಿಲ್ಲುತ್ತವೆ. ಕೆಲವೇ ಡಿಗ್ರಿಗಳ ಬಾಗು ಕಾಂತಗುಣದ ಸ್ವರೂಪವನ್ನೇ ತಿರುಗಿಸಿಬಿಡುತ್ತದೆ.

ಬಣ್ಣ ನೋಡಿ ಆಕೃತಿ ಹೇಳುವವರ ಮಾತನ್ನು ಅರ್ಧಕ್ಕಿಂತ ಹೆಚ್ಚು ನಂಬಬೇಡಿ. ಕೋಬಾಲ್ಟ್ ನೀಲಿಯಿದ್ದರೆ ಚತುರ್ಮುಖಿ, ಗುಲಾಬಿಯಿದ್ದರೆ ಅಷ್ಟಮುಖಿ ಎಂದು ನಾವೆಲ್ಲ ಬಾಯಿಪಾಠ ಮಾಡಿದವರೇ. ದ್ರಾವಣಗಳಲ್ಲಿ ಅದು ಬಹುಮಟ್ಟಿಗೆ ನಡೆಯುತ್ತದೆ. ಆದರೆ ನಿರ್ಜಲ ಕೋಬಾಲ್ಟ್ ಕ್ಲೋರೈಡಿನ ಘನವೂ ನೀಲಿಯೇ, ಅದರಲ್ಲಿ ಪ್ರತಿ ಕೋಬಾಲ್ಟಿನ ಸುತ್ತ ಆರು ಕ್ಲೋರೈಡುಗಳ ಅಷ್ಟಮುಖಿಯಿದೆ, ಪ್ರತಿ ಕ್ಲೋರೈಡನ್ನು ಮೂರು ಕೋಬಾಲ್ಟುಗಳು ಹಂಚಿಕೊಂಡಿವೆ. ನೀರು ಕುಡಿದು ಗುಲಾಬಿಯಾದ ಹೆಕ್ಸಾಹೈಡ್ರೇಟಿನಲ್ಲಿ ಕೋಬಾಲ್ಟಿಗೆ ತಾಗಿರುವುದು ನಾಲ್ಕು ನೀರು ಮತ್ತು ಎರಡು ಕ್ಲೋರೈಡ್. ಇನ್ನೆರಡು ನೀರು ಹರಳಿನಲ್ಲಿ ಸುಮ್ಮನೆ ಜಾಗ ಹಿಡಿದು ಕೂತಿವೆ. ಅಂದರೆ ನೀಲಿ ಗುಲಾಬಿಯಾದಾಗ ಅಷ್ಟಮುಖಿ ಹೋಗಿ ಅಷ್ಟಮುಖಿಯೇ ಬಂದಿದೆ, ಮುರಿದದ್ದು ಕ್ಲೋರೈಡಿನ ಸಂಕಗಳು.

ನಿಮ್ಮ ಗೂಯ್ ತಕ್ಕಡಿಯ ಪಕ್ಕದಲ್ಲೇ ಇನ್ನೊಂದು ಸೇತು ಲಿಗ್ಯಾಂಡ್ ಬಾಟಲಿಯಲ್ಲಿ ಕೂತಿರಬೇಕು: ಮಾಪನಕ್ಕೆ ಬಳಸುವ ಗಾಢ ನೀಲಿಯ ಮರ್ಕ್ಯುರಿ ಕೋಬಾಲ್ಟ್ ಥಯೋಸಯನೇಟ್. ಅದರಲ್ಲಿ ಥಯೋಸಯನೇಟಿನ ಗಂಧಕದ ತುದಿ ಪಾದರಸವನ್ನೂ ಸಾರಜನಕದ ತುದಿ ಕೋಬಾಲ್ಟನ್ನೂ ಹಿಡಿದಿದೆ, ಎರಡೂ ಲೋಹಗಳು ಚತುರ್ಮುಖಿಯಲ್ಲಿವೆ. ಕೋಬಾಲ್ಟುಗಳ ನಡುವೆ ಪಾದರಸ ಅಡ್ಡ ನಿಂತು ಅವುಗಳನ್ನು ಬಹಳ ದೂರ ಇಟ್ಟಿರುವುದರಿಂದ ಅವು ಪರಸ್ಪರ ಗಮನಿಸುವುದೇ ಇಲ್ಲವೆನ್ನಬಹುದು, ಅದು ಅಳತೆಗೋಲಾಗಿ ಒದಗುವುದಕ್ಕೆ ಇದೂ ಒಂದು ಕಾರಣ. ಪುಸ್ತಕಗಳು ಅದರ ಸಸೆಪ್ಟಿಬಿಲಿಟಿಯನ್ನು ಪ್ರತಿ ಗ್ರಾಮಿಗೆ 16.44 × 10⁻⁶ ಎಂದು ಕೊಡುತ್ತವೆ, ಆದರೆ ಅದು 20 ಡಿಗ್ರಿ ಸೆಲ್ಸಿಯಸ್‌ಗೆ ಸೇರಿದ ಸಂಖ್ಯೆ. ನಿಮ್ಮ ಕೊಠಡಿ 27 ಡಿಗ್ರಿಯಿದ್ದರೆ ಸುಮಾರು 16.1 ಬಳಸಿ. ಪಾದರಸದ ಲವಣವಾದ್ದರಿಂದ ಕೊಳವೆ ತೊಳೆದ ನೀರನ್ನು ಸಿಂಕಿಗೆ ಸುರಿಯಬೇಡಿ.

ಒಂದು ಅಡ್ಡಮಾತು ಹೇಳದೆ ಇರಲಾರೆ, ಏಕೆಂದರೆ ನಾನು ಮೀನು ಮಾರುಕಟ್ಟೆಗೆ ಹತ್ತಿರ ಇರುವವನು. ಇಲ್ಲಿ ಬುಟ್ಟಿಯಲ್ಲಿ ಬರುವ ಏಡಿಯ ರಕ್ತ ಕೆಂಪಲ್ಲ, ಗಾಳಿ ತಾಗಿದಾಗ ನಸುನೀಲಿ. ಅದರ ಹೀಮೋಸಯನಿನ್ ಪ್ರೋಟೀನಿನಲ್ಲಿ ಎರಡು ತಾಮ್ರಗಳು ಎದುರುಬದುರಾಗಿ, ತಲಾ ಮೂರು ಹಿಸ್ಟಿಡಿನ್‌ಗಳ ಆಸರೆಯಲ್ಲಿ ನಿಂತಿರುತ್ತವೆ. ಆಮ್ಲಜನಕದ ಅಣು ಬಂದು ಪೆರಾಕ್ಸೈಡಾಗಿ ಎರಡು ತಾಮ್ರಗಳ ನಡುವೆ ಅಡ್ಡಲಾಗಿ ಮಲಗಿ ಸಂಕವಾದಾಗ ತಾಮ್ರಗಳ ಅಂತರ ಸುಮಾರು 3.6 ಆಂಗ್‌ಸ್ಟ್ರಾಂ ಆಗುತ್ತದೆ, ಬಣ್ಣ ಬರುತ್ತದೆ, ಮತ್ತು ಆ ಎರಡು ತಾಮ್ರ(2)ಗಳ ಸ್ಪಿನ್‌ಗಳು ಎಷ್ಟು ಬಿಗಿಯಾಗಿ ಜೋಡಿಗೊಳ್ಳುತ್ತವೆಂದರೆ ಕೊಠಡಿಯ ಉಷ್ಣತೆಯಲ್ಲೂ ಕಾಂತಗುಣ ಕಾಣುವುದಿಲ್ಲ. ನಿಮ್ಮ ಅಸಿಟೇಟಿನ 1.41 ಅರ್ಧದಾರಿಯ ಸ್ಥಿತಿಯಾದರೆ, ಏಡಿಯದು ಪೂರ್ತಿ ಮುಗಿದ ಸ್ಥಿತಿ.

ಈಗ ನೀವು ಒಂದು ತಿಂಗಳಲ್ಲಿ ಮಾಡಬಹುದಾದದ್ದು. ಎಲ್ಲಕ್ಕಿಂತ ಮೊದಲು ತಾಮ್ರದ ಪ್ರಮಾಣವನ್ನು ಥಯೋಸಲ್ಫೇಟ್ ಟೈಟ್ರೇಷನ್ನಿನಿಂದ ಅಳೆಯಿರಿ. ಮೊನೊಹೈಡ್ರೇಟಿನಲ್ಲಿ ಶೇ. 31.8 ತಾಮ್ರವಿರಬೇಕು, ಅದು ಬಂದರೆ ಅಶುದ್ಧತೆಯ ವಾದ ಅಲ್ಲಿಗೇ ನಿಲ್ಲುತ್ತದೆ, ಖರ್ಚೂ ಇಲ್ಲ. ಇದರ ಅಪಾಯ ಕಬ್ಬಿಣ: ಅದು ಉಳಿದಿದ್ದರೆ ಅಯೊಡೈಡಿನಿಂದ ತಾನೂ ಅಯೊಡಿನ್ ಬಿಡಿಸಿ ತಾಮ್ರವನ್ನು ಹೆಚ್ಚಾಗಿ ತೋರಿಸುತ್ತದೆ. ಹರಳುಗಳನ್ನು ಒಣಗಿಸುವಾಗಲೂ ಜಾಗ್ರತೆ ಬೇಕು. ಮಳೆಗಾಲದ ಶಿರಸಿಯಲ್ಲಿ ಏನೂ ಒಣಗುವುದಿಲ್ಲವೆಂದು ಓವನ್ನಿಗೆ ಇಟ್ಟರೆ ತುದಿಯ ನೀರು ಹೊರಟುಹೋಗಿ ಅಣುತೂಕದ ಲೆಕ್ಕ ಕೆಡುತ್ತದೆ. ಸೋಸುಕಾಗದದ ನಡುವೆ ಒತ್ತಿ ಡೆಸಿಕೇಟರಿನಲ್ಲಿ ಇಡಿ, ಒಳಗಿನ ನೀಲಿ ಸಿಲಿಕಾ ಜೆಲ್ ಗುಲಾಬಿಯಾಗಿದ್ದರೆ ಮೊದಲು ಅದನ್ನು ಬಿಸಿಮಾಡಿ ನೀಲಿಗೆ ತನ್ನಿ.

ಇನ್ಫ್ರಾರೆಡ್ ರೋಹಿತ ತೆಗೆಸಿದರೆ ಕಾರ್ಬಾಕ್ಸಿಲೇಟಿನ ಎರಡು ಕಂಪನಗಳ ನಡುವಿನ ಅಂತರ ನೋಡಿ. ಸೋಡಿಯಂ ಅಸಿಟೇಟಿನಲ್ಲಿ ಅದು 164ರಷ್ಟು. ಅಸಿಟೇಟು ಒಂದೇ ಆಮ್ಲಜನಕದಿಂದ ತೂಗಿದ್ದರೆ ಸಾಮಾನ್ಯವಾಗಿ 200 ದಾಟುತ್ತದೆ, ಎರಡೂ ಆಮ್ಲಜನಕದಿಂದ ಒಂದೇ ಲೋಹವನ್ನು ಕಚ್ಚಿದ್ದರೆ ಬಹಳ ಕಡಿಮೆಯಾಗುತ್ತದೆ, ಸಂಕವಾಗಿದ್ದರೆ ನಡುವೆ ಎಲ್ಲೋ ಬರುತ್ತದೆ. ಇದನ್ನು ಬೆಂಬಲದ ಸಾಕ್ಷಿಯೆಂದು ಮಾತ್ರ ಬರೆಯಿರಿ. ಈ ಅಂತರವೊಂದನ್ನೇ ಹಿಡಿದು ಸೇತು ಲಿಗ್ಯಾಂಡ್ ಇದೆಯೆಂದು ಸಾಧಿಸಿದ ಪ್ರಬಂಧಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅವುಗಳಲ್ಲಿ ಕೆಲವನ್ನು ಎಕ್ಸ್-ಕಿರಣ ಆಮೇಲೆ ಸುಳ್ಳುಮಾಡಿದೆ.

ದ್ರಾವಣದ ಬಣ್ಣದ ರೋಹಿತ ಸುಲಭ, ಆದರೆ ಅಲ್ಲಿ ದೊಡ್ಡ ಗುಂಡಿಯೊಂದಿದೆ. ನೀರಿನಲ್ಲಿ ಕರಗಿಸಿದೊಡನೆ ಜೋಡಿ ಬಿಡಿಸಿಕೊಂಡು ಒಂಟಿ ತಾಮ್ರಗಳಾಗುತ್ತವೆ. ಆ ನೀಲಿ ದ್ರಾವಣ ನಿಮ್ಮ ಹರಳಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ಕರಗಿಸಿದರೆ ಜೋಡಿ ಉಳಿಯುತ್ತದೆ, 370 ನ್ಯಾನೋಮೀಟರಿನ ಹತ್ತಿರ ಜೋಡಿಯ ಗುರುತಾದ ಉಬ್ಬು ಕಾಣುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿದರೆ ಚೆನ್ನಾಗಿರುತ್ತದೆ.

ಧಾರವಾಡಕ್ಕೋ ಬೆಂಗಳೂರಿಗೋ ಹರಳು ಕಳಿಸಿ ಎಕ್ಸ್-ಕಿರಣದ ಪೂರ್ತಿ ರಚನೆ ಬಿಡಿಸಿಕೊಳ್ಳುವ ಆಸೆ ನಿಮಗಿರಬಹುದು. ಆ ರಚನೆ ಎಪ್ಪತ್ತು ವರ್ಷಗಳ ಹಿಂದೆಯೇ ತಿಳಿದಿದೆ. ಅಲ್ಲದೆ ಒಂದು ಹರಳಿನ ರಚನೆ ಆ ಒಂದು ಹರಳಿಗೆ ಮಾತ್ರ ಸಾಕ್ಷಿ ಹೇಳುತ್ತದೆ, ಕೊಳವೆಯ ಉಳಿದ ಪುಡಿಗಲ್ಲ. ಪುಡಿಯ ಎಕ್ಸ್-ಕಿರಣ ಮಾದರಿಯನ್ನು ತಿಳಿದ ಮಾದರಿಯೊಂದಿಗೆ ಹೋಲಿಸುವುದು ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ ಉತ್ತರ. ದ್ರವ ಸಾರಜನಕದ ಉಷ್ಣತೆಯಲ್ಲಿ ಒಮ್ಮೆ ಅಳೆಯುವ ಅವಕಾಶ ಎಲ್ಲಾದರೂ ಸಿಕ್ಕಿದರೆ ಬಿಡಬೇಡಿ: ಮೊಮೆಂಟ್ 0.5ಕ್ಕಿಂತ ಕೆಳಗಿಳಿಯಬೇಕು. ಆಗ ಮಾತ್ರ ಸ್ವಲ್ಪ ಕಲ್ಮಶವೂ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಜೋಡಿಗಳೆಲ್ಲ ಮೌನವಾದಾಗ ಉಳಿದ ಒಂಟಿ ತಾಮ್ರಗಳ ದನಿಯೇ ಕೇಳುವುದು.

ಲೆಕ್ಕದಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಡಯಾಮ್ಯಾಗ್ನೆಟಿಕ್ ತಿದ್ದುಪಡಿ (ಜೋಡಿಗೊಂಡ ಎಲೆಕ್ಟ್ರಾನುಗಳು ಕಾಂತದಿಂದ ತುಸು ದೂರ ಸರಿಯುವುದರಿಂದ ಅಳತೆಗೆ ಮರಳಿ ಕೂಡಿಸಬೇಕಾದ ಸಂಖ್ಯೆ) ಇಲ್ಲಿ ಪ್ರತಿ ತಾಮ್ರಕ್ಕೆ ಸುಮಾರು 86 × 10⁻⁶. ಅಳತೆಯ ಸಂಖ್ಯೆಯೇ ಚಿಕ್ಕದಾದ್ದರಿಂದ ಇದನ್ನು ಮರೆತರೆ 1.4 ಹೋಗಿ 1.32 ಆಗುತ್ತದೆ. ಇದಕ್ಕಿಂತ ಮೋಸದ್ದು ಅಣುತೂಕ. ಒಂದು ತಾಮ್ರದ ಘಟಕದ ತೂಕ 199.65, ಜೋಡಿಯದು 399.3. ಜೋಡಿ ಎಂದು ತಿಳಿದ ಉತ್ಸಾಹದಲ್ಲಿ 399.3 ಹಾಕಿದರೆ ಮೊಮೆಂಟ್ 2.0ರ ಹತ್ತಿರ ಬರುತ್ತದೆ, ಅದನ್ನು ನೋಡಿದವರು ತಾಮ್ರಕ್ಕೆ ಇದು ಸರಿಯಾಗಿಯೇ ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಆ 2.0 ಎರಡು ತಾಮ್ರಗಳ ಒಟ್ಟು ಸಂಖ್ಯೆ. ಜೋಡಣೆಯಿಲ್ಲದಿದ್ದರೆ ಅದು 2.7ರಷ್ಟಾಗಬೇಕಿತ್ತು. ಆದ್ದರಿಂದ ವರದಿಯಲ್ಲಿ ಎಲ್ಲೇ ಮೊಮೆಂಟ್ ಬರೆದರೂ ಅದರ ಮುಂದೆ "ಪ್ರತಿ ತಾಮ್ರಕ್ಕೆ" ಎಂಬ ಎರಡು ಪದಗಳನ್ನು ಮತ್ತು ಅಳೆದ ದಿನದ ಉಷ್ಣತೆಯನ್ನು ತಪ್ಪದೆ ಸೇರಿಸಿ, ಮೂರು ಸಲ ಬಂದ ಮೂರೂ ಸಂಖ್ಯೆಗಳನ್ನು ಹಾಗೆಯೇ ಕೊಡಿ.